ಅತ್ತಿಗೂ ತಿಳಿಯೋ ತ್ರಿಕೋನಮಿತಿ

ಮಂದಿ ಕಾಲೇಜಿಗೆ ಹೋಗತಾರ, ಪಾಠ ಕೇಳತಾರ, ಪಾಸೋ ನಪಾಸೋ ಆಗಿ ಸುಮ್ಮನ ಮನಿಗಿ ಬರತಾರ. ಅವರಿಗೆ ಏನೂ ಆಗಂಗಿಲ್ಲ. ನಾ ಮಾತ್ರ ಹಾಳಿ ಮ್ಯಾಲ ಒಂದು ತ್ರಿಕೋನ ಗೀಚಿದ್ರ ಸಾಕು, ಅದರ ಯಾವುದರೆ ಒಂದು ಮೂಲಿಯಿಂದ ಫಜೀತಿ ಎದ್ದು ಬರತದ. ಇದು ನನ್ನ ಹಣೆಬರಹನೋ, ತ್ರಿಕೋನದ ಗುಣನೋ, ಇನ್ನೂ ನನಗ ತಿಳಿದಿಲ್ಲ.

ನನಗ ಮೂವತ್ತೊಂಬತ್ತು ವರ್ಷ. ಬಸವಕಲ್ಯಾಣದಾಗ ನಮ್ಮ ಮನಿ ಮುಂದಿನ ಖೋಲ್ಯಾಗ ನಂದು ಹೊಲಿಗಿ ಅಂಗಡಿ. ಸೀರಿ ಮ್ಯಾಲಿನ ಜಂಪರ್, ಫ್ರಾಕು, ಸಾಲಿ ಹುಡುಗೋರ ಯೂನಿಫಾರ್ಮು, ಏನು ತಂದುಕೊಟ್ರೂ ಹೊಲೀತೀನಿ. ಪಿಯುಸಿ ಸೈನ್ಸ್ ಪಾಸಾದ ವರ್ಷನೇ ಲಗ್ನ ಆತು. ಆ ವರ್ಷ ಗಣಿತದ ಪುಸ್ತಕದಾಗ ಕಡೀ ಎರಡು ಪಾಠ ನಮ್ಮ ಮಾಸ್ತರು ಮಾಡೇ ಇರಲಿಲ್ಲ. ಪರೀಕ್ಷಾಕ್ಕ ಬರಂಗಿಲ್ಲ, ಬಿಡ್ರಿ ಅಂದಿದ್ರು. ಇಪ್ಪತ್ತು ವರ್ಷ ಮಷೀನ ತುಳಿದೆ, ಎರಡು ಮಕ್ಕಳನ್ನ ದೊಡ್ಡವ್ರನ್ನ ಮಾಡಿದೆ, ಆದ್ರೂ ಆ ಎರಡು ಪಾಠದಾಗ ಏನಿತ್ತು ಅನ್ನೋದು ತಲ್ಯಾಗ ಕೊರೀತಾನೇ ಇತ್ತು. ಹುಮನಾಬಾದದ ಒಂದು ಕಾಲೇಜಿನ್ಯಾಗ ವಯಸ್ಸು ಕೇಳದೇ ಬಿ.ಎಸ್ಸಿ.ಗೆ ಸೇರಿಸ್ಕೋತಾರ ಅಂತ ಗಿರಾಕಿಯೊಬ್ಬಾಕಿ ಬಾಯಾಗ ಕೇಳಿದ ದಿನ, ಕೈಯಾಗಿನ ಜಂಪರಿಗೆ ತೋಳು ಉಲ್ಟಾ ಹಚ್ಚಿಬಿಟ್ಟೆ.

ನಮ್ಮ ಮನಿಯವರನ್ನ ಕೇಳಿದ್ರ, ಅವ್ವನ್ನ ಕೇಳು ಅಂದು ಚಾ ಕುಡುದು ತಮ್ಮ ಅಂಗಡಿಗೆ ಹೋದ್ರು. ಅವರ ಅವ್ವ ಅಂದ್ರ ನಮ್ಮ ಅತ್ತಿ. ಎಪ್ಪತ್ತು ದಾಟ್ಯಾವ, ನಾಕನೇತ್ತ ತನಕ ಸಾಲಿ ಕಲ್ತಾರ, ಓದೋದು ಬರಿಯೋದು ಬರ್ತದ. ಹಣಿ ತುಂಬ ಇಬತ್ತಿ ಹಚ್ಚಿಕೊಂಡು ಪೂಜಿ ಮುಗಿಸಿ ಕಟ್ಟಿ ಮ್ಯಾಲ ಕುಂತ್ರಂದ್ರ ಇಡೀ ಓಣಿ ಸೊಂಟ ನೆಟ್ಟಗ ಮಾಡಿ ನಡೀತದ. ನಾ ಹೋಗಿ ವಿಷಯ ಹೇಳಿದೆ. ಅವರು ನನ್ನ ಮಾರಿ ನೋಡಿ ಅಂದ್ರು:

"ಹೋಗು. ಆದ್ರ ದಿನಾ ಸಂಜಿಕ ಬಂದು, ಅವತ್ತ ಏನು ಕಲಿಸಿದ್ರು ಅನ್ನೋದು ನನಗ ತಿಳಿಯೋ ಹಂಗ ಹೇಳಬೇಕು. ಮೊದಲನೇ ಪರೀಕ್ಷ್ಯಾಗ ನಪಾಸಾದ್ರ ಕಾಲೇಜು ಬಂದ್. ಪುಸ್ತಕ ಗಂಟು ಕಟ್ಟಿ ಅಟ್ಟದ ಮ್ಯಾಲಿಟ್ಟು ಮಷೀನ ಮುಂದ ಕೂಡಬೇಕು. ಇದು ಶರತ್ತು."

ಅತ್ತಿ ಶರತ್ತು ಹಾಕಿದ್ರ ಅದನ್ನ ಯಾರೂ ಮುರಿಯಂಗಿಲ್ಲ, ಹಾಕಿದವರೂ ಮುರಿಯಂಗಿಲ್ಲ. ನಾ ಹೂಂ ಅಂದೆ. ಹಿಂಗ ಮರುದಿನದಿಂದ ಮುಂಜಾನಿ ಹುಮನಾಬಾದದ ಬಸ್ ಹಿಡದೆ.

೧. ಚಡ್ಡಿಯ ಗುಟ್ಟು

ಮೊದಲನೇ ದಿನ ಗಣಿತದ ತಾಸಿಗೆ ಹೋಗಿ ಮೂರನೇ ಬೆಂಚಿನ ಮ್ಯಾಲ ಕುಂತೆ. ಬಾಜೂಕ ಹುಡಗಿ ಅನ್ನೋ ಊರಿನ ಒಂದು ಹುಡುಗಿ ಕುಂತಿತ್ತು. ಅವರದು ಕುರಿ ಸಾಕೋ ಮನೆತನ. ಹದಿನೆಂಟು ವರ್ಷದ ಆ ಹುಡುಗಿ ನನ್ನ ನೋಡಿ, ಯಾರನ್ನ ಬಿಡಾಕ ಬಂದೀರಿ ಅಂತ ಕೇಳಿತು. ನನ್ನನ್ನೇ ಬಿಟ್ಟು ಹೋಗಾಕ ಬಂದೀನಿ ಅಂದೆ. ಅವತ್ತಿನಿಂದ ಇಬ್ಬರೂ ಜೋಡಿ ಆದಿವಿ.

ಅಷ್ಟರಾಗ ಗಣಿತದ ಸರ ಒಳಗ ಬಂದ್ರು. ಸಣ್ಣ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ದೊಡ್ಡ ದನಿ. ಗಣಿತ ಅಂದ್ರ ಶಿಸ್ತು, ಶಿಸ್ತು ಇಲ್ಲದವರಿಗೆ ಗಣಿತ ಒಲಿಯಂಗಿಲ್ಲ ಅಂತ ಭಾಷಣ ಚಾಲೂ ಮಾಡಿದ್ರು. ಎಲ್ಲೋ ನೋಡೇನಲ್ಲ ಈ ಮಾರಿ ಅಂತ ನಾ ವಿಚಾರ ಮಾಡಾಕತ್ತೆ. ಅವರು ಬೋರ್ಡಿಗೆ ಬರಿಯಾಕ ತಿರುಗಿದ ಕೂಡಲೇ ನೆನಪಾತು. ಹಿಂದಿನಿಂದ ನೋಡಿದ್ರ ಟೇಲರ್‌ಗೆ ಯಾರ ಗುರ್ತೂ ತಪ್ಪಂಗಿಲ್ಲ. ನಮ್ಮ ಬಸವಕಲ್ಯಾಣದ ಹಿಂದಿನ ಓಣಿ ಹುಡುಗ. ಒಂದನೇತ್ತದಿಂದ ಏಳನೇತ್ತದ ತನಕ ಇವರ ಯೂನಿಫಾರ್ಮ್ ಹೊಲದಾಕಿ ನಾನೇ. ಗೋಡಿ ಹಾರೋದು, ಚಡ್ಡಿ ಹರಕೊಳ್ಳೋದು, ಟವೆಲ್ ಸುತ್ತಿಕೊಂಡು ನಮ್ಮ ಅಂಗಡ್ಯಾಗ ನಿಂತು ಅಳೋದು, ವಾರಕ್ಕ ಒಂದು ಸಲ ಇದ್ದೇ ಇತ್ತು.

ಹಾಜರಿ ತಗೊಳ್ಳೋವಾಗ ನನ್ನ ಹೆಸರು ಬಂತು. ಸರ ತಲಿ ಎತ್ತಿ ನೋಡಿದ್ರು. ನೋಡಿದವರ ದನಿ ಅಲ್ಲೇ ಅರ್ಧ ಆತು. ತಾಸು ಮುಗಿದ ಮ್ಯಾಲ ಕಾರಿಡಾರಿನ್ಯಾಗ ನನ್ನ ಬೆನ್ನ ಹಿಂದ ಬಂದು, ಅಕ್ಕಾ, ಇಲ್ಲಿ ಆ ಚಡ್ಡಿ ಮಾತು ತಗೀಬ್ಯಾಡ್ರಿ ಅಂತ ಮೆಲ್ಲಗ ಅಂದ್ರು. ನಾ ಯಾಕ ತಗೀಲಿ ಸರ, ನೀವು ನನ್ನ ಬೋರ್ಡಿಗೆ ಕರೀಬ್ಯಾಡ್ರಿ ಅಂದೆ.

ಇಡೀ ಸೆಮಿಸ್ಟರ್ ನನ್ನ ಹೆಸರು ಬೋರ್ಡಿಗೆ ಬರಲಿಲ್ಲ. ನನ್ನ ಜೋಡಿ ಕುಂತಾಳಂತ ಹುಡಗಿ ಊರಿನ ಹುಡುಗಿಯನ್ನೂ ಕರೀಲಿಲ್ಲ.

೨. ನಿಚ್ಚಣಿಕಿ ಹಿಡಿಯೋನು

ಸಂಜಿಕ ಮನ್ಯಾಗ ನಂದೇ ಕ್ಲಾಸು. ಅತ್ತಿ ಜೋಳ ಹಸನ ಮಾಡ್ಕೋತ ಕೂಡೋರು, ನಾ ಹೊಲಿಗಿ ಸುಣ್ಣದಿಂದ ಕರೀ ಬಟ್ಟಿ ಮ್ಯಾಲ ಚಿತ್ರ ಬರೀತಿದ್ದೆ. ಮೊದಲನೇ ಪಾಠ ಸೈನ್. ಪುಸ್ತಕದಾಗ ಇದ್ದ ಲೆಕ್ಕನೇ ಹಿಡದೆ. ಒಂದು ಗೋಡಿ, ಗೋಡಿಗೆ ಆನಿಸಿದ ಹತ್ತು ಅಡಿ ನಿಚ್ಚಣಿಕಿ, ನೆಲದ ಜೋಡಿ ಮೂವತ್ತು ಡಿಗ್ರಿ ಕೋನ. ನಿಚ್ಚಣಿಕಿ ತುದಿ ಎಷ್ಟು ಎತ್ತರದಾಗ ಗೋಡಿ ಮುಟ್ಟತದ?

ಅತ್ತಿ ಚಿತ್ರ ನೋಡಿ ಮಾರಿ ಸಿಂಡರಿಸಿದ್ರು. ಇಷ್ಟು ಬಾಗಿಸಿ ಇಟ್ರ ಜಾರ್ತದ ಅಂದ್ರು. ಜಾರಂಗಿಲ್ರಿ, ಇದು ಲೆಕ್ಕದ ನಿಚ್ಚಣಿಕಿ ಅಂದೆ. ಲೆಕ್ಕದ್ದಾದ್ರೂ ನಿಚ್ಚಣಿಕಿ ಹೌದಲ್ಲ ಅಂದ್ರು. ಮ್ಯಾಲ ಯಾರು ಹತ್ತತಾರ ಅಂತ ಕೇಳಿದ್ರು. ಯಾರೂ ಹತ್ತಂಗಿಲ್ಲ ಅಂದೆ. ಯಾರೂ ಹತ್ತದೇ ಇದ್ರ ನಿಚ್ಚಣಿಕಿ ಯಾಕ ಹೊರಗ ತಗದಾರ, ಮನಿಗಿ ಕಳ್ಳರು ಬರಲಿ ಅಂತನ?

ನನಗ ತಲಿ ತಿರುಗಾಕತ್ತು. ಕಡೀಕ ಅವರು ಹೇಳಿದ್ದು ಒಂದೇ ಮಾತು. ಕೆಳಗ ಒಬ್ಬ ಹಿಡಕೊಂಡು ನಿಲ್ಲೋ ತನಕ ಮುಂದಿನ ಮಾತು ಬ್ಯಾಡ. ಏನು ಮಾಡೋದು, ಒಬ್ಬ ಮನಶಾನ್ನ ಬರದೆ. ರುಮಾಲು ಸುತ್ತಿದೆ, ಮೀಸಿ ಇಟ್ಟೆ. ಅವನ ಕೈ ನಿಚ್ಚಣಿಕಿಗೆ ಹಚ್ಚಿದೆ. ಆಗ ಅತ್ತಿಗೆ ಸಮಾಧಾನ ಆತು. ಮೂವತ್ತಕ್ಕ ಸೈನ್ ಅರ್ಧ, ಹತ್ತರಾಗ ಅರ್ಧ ಐದು, ಅಂದ್ರ ಐದು ಅಡಿ ಅಂತ ನಾ ಹೇಳೋದ್ರಾಗ ಅವರೇ ಹೇಳಿಬಿಟ್ರು. ಅರ್ಧ ತಾಸಿನ್ಯಾಗ ಅತ್ತಿಗೆ ಸೈನ್ ಬಂತು. ನಮ್ಮ ಕ್ಲಾಸಿನ್ಯಾಗ ಅರ್ಧ ಮಂದಿಗೆ ಅಷ್ಟೊತ್ತಿಗೆ ಬಂದಿರಲಿಲ್ಲ.

ನಾ ಖುಷಿಯಿಂದ ಎರಡನೇ ಲೆಕ್ಕಕ್ಕ ಬಂದೆ. ಈ ಸಲ ಗುಡಿ ಶಿಖರ, ದೂರದಾಗ ನಿಂತು ನೋಡೋದು, ನಿಚ್ಚಣಿಕಿ ಸುದ್ದಿನೇ ಇಲ್ಲ. ಅತ್ತಿ ಚಿತ್ರದ ಮ್ಯಾಲ ಬೆರಳಿಟ್ಟು ಹುಡುಕ್ಯಾಡಿದ್ರು. ಆಮ್ಯಾಲ ತಲಿ ಎತ್ತಿ ಕೇಳಿದ್ರು: "ಆ ರುಮಾಲಿನಂವ ಊಟಕ್ಕ ಹೋದನೇನು?"

೩. ಅಂಬ್ರೆಲಾ ಕಟಿಂಗ್

ರೇಡಿಯನ್ ಅನ್ನೋ ಪಾಠ ಬಂದ ದಿನ ಇಡೀ ಕ್ಲಾಸ್ ಕಂಗಾಲ. ಕೋನ ಅಳಿಯಾಕ ಡಿಗ್ರಿ ಇದ್ದೇ ಅದ, ಮತ್ತ ಇದೊಂದು ಯಾಕ ಅಂತ ಎಲ್ಲರಿಗೂ ಸಿಟ್ಟು. ಸರ ಎರಡು ಸಲ ಹೇಳಿದ್ರು, ಮೂರು ಸಲ ಹೇಳಿದ್ರು. ವೃತ್ತದ ತ್ರಿಜ್ಯದಷ್ಟೇ ಉದ್ದದ ಕಂಸ ಕೇಂದ್ರದಾಗ ಮಾಡೋ ಕೋನ ಅಂತ ಅದೇ ಮಾತು. ಹುಡುಗೋರು ಕಿಟಕಿ ಹೊರಗ ನೋಡಾಕತ್ತರು.

ನನಗ ಮಾತ್ರ ಎಲ್ಲೋ ಕೇಳಿದಂಗ ಅನಸಾಕತ್ತು. ಇದು ಅಂಬ್ರೆಲಾ ಫ್ರಾಕ್ ಅಲ್ಲೇನು? ಛತ್ರಿ ಹಂಗ ಸುತ್ತ ಬೀಸೋ ಫ್ರಾಕ್ ಹೊಲೀಬೇಕಾದ್ರ ಬಟ್ಟಿ ನಾಕು ಮಡಿಕಿ ಮಾಡತೀವಿ. ಸೊಂಟದ ಸುತ್ತಳತಿ ಇಪ್ಪತ್ತೈದು ಇಂಚಿದ್ರ ಅದನ್ನ ಆರೂ ಚಿಲ್ಲರಿಂದ ಭಾಗಿಸಿ, ಮೂಲಿಯಿಂದ ನಾಕು ಇಂಚಿಗೆ ಗುಂಡಗ ಗೀರು ಹಾಕಿ ಕತ್ತರಿಸ್ತೀವಿ. ಬಿಚ್ಚಿದ್ರ ನಡುವ ಬರೋಬ್ಬರಿ ಸೊಂಟದಷ್ಟು ತೂತು. ಯಾಕ ಆರೂ ಚಿಲ್ಲರೆ ಅಂತ ನಾ ಕಲಿಸಿದವರನ್ನ ಎಂದೂ ಕೇಳಿರಲಿಲ್ಲ. ಅವರೂ ಅವರಿಗೆ ಕಲಿಸಿದವರನ್ನ ಕೇಳಿರಲಿಕ್ಕಿಲ್ಲ.

ತಡೀಲಿಕ್ಕ ಆಗಲಿಲ್ಲ. ಬೋರ್ಡಿಗೆ ಕರೀಬ್ಯಾಡ್ರಿ ಅಂದಾಕಿ ನಾನೇ ಎದ್ದು ಹೋದೆ. ಪೇಪರ್ ಮಡಚಿ ಕತ್ತರಿಸಿದೆ, ಬಿಚ್ಚಿದೆ, ಟೇಪಿನ್ಯಾಗ ತ್ರಿಜ್ಯದಷ್ಟೇ ನಾಕು ಇಂಚು ಹಿಡದು ಆ ತೂತಿನ ಅಂಚಿಗೆ ಹಚ್ಚಿಕೋತ ಹೋದೆ. ಒಂದು, ಎರಡು, ಮೂರು, ಆರು ಸಲ ಹಚ್ಚಿದ ಮ್ಯಾಲ ಇನ್ನೊಂದು ಇಂಚು ಚಿಲ್ಲರೆ ಉಳೀತು. ಒಂದೊಂದು ಸಲ ಹಚ್ಚಿದ್ದೂ ಒಂದೊಂದು ರೇಡಿಯನ್. ಒಂದು ಸುತ್ತಿಗೆ ಆರು ರೇಡಿಯನ್ ಮ್ಯಾಲ ಚಿಲ್ಲರೆ. ಕಿಟಕಿ ಹೊರಗ ನೋಡೋ ಹುಡುಗೋರು ಬೋರ್ಡಿನ ಕಡೆ ತಿರುಗಿದ್ರು. ಸರ ಆ ಪೇಪರ್ ಕೈಯಾಗ ತಗೊಂಡು ತಿರುಗಿಸಿ ತಿರುಗಿಸಿ ನೋಡಿದ್ರು. ನನಗ ಅವತ್ತ ಎಷ್ಟು ಖುಷಿ ಆತಂದ್ರ, ಬಸ್ಸಿನ್ಯಾಗ ಸೀಟು ಸಿಗದಿದ್ದರೂ ನಿಂತಿದ್ದು ಗೊತ್ತಾಗಲಿಲ್ಲ.

ಮನಿಗಿ ಬಂದು ಅತ್ತಿಗೂ ಹಂಗೇ ಕತ್ತರಿಸಿ ತೋರಿಸಿದೆ. ಅವರಿಗೆ ಒಂದೇ ಸಲಕ್ಕ ತಿಳೀತು. ಆದ್ರ ಮಾರಿ ಬಿಗೀತು. ಅಂದ್ರ ಇಪ್ಪತ್ತು ವರ್ಷದಿಂದ ನೀ ಮನ್ಯಾಗ ಕುಂತು ಗಣಿತನೇ ಮಾಡಾಕತ್ತಿ ಅಂದ್ರು. ಹೌದ್ರಿ ಅಂತ ನಾ ಹಿಗ್ಗಿದೆ.

"ಮತ್ತ ಬರೋದನ್ನೇ ಕಲಿಯಾಕ ದಿನಾ ಮೂವತ್ತು ಕಿಲೋಮೀಟರ್ ಯಾಕ ಹೋಗತಿ?"

ಅವತ್ತ ಕಾಲೇಜು ಅಲ್ಲೇ ಬಂದ್ ಆಗೋದಿತ್ತು. ಮರುದಿನದಿಂದ ನನಗ ಬಂದದ್ದನ್ನ ಅತ್ತಿ ಮುಂದ ಜರಾ ಕಡಿಮಿ ಹೇಳಾಕತ್ತೆ.

೪. ಗಿಡಕ್ಕ ಎರಡು ಇಂಚು

ಒಂದು ದಿನ ಸರ ಎಲ್ಲರನ್ನೂ ಹೊರಗ ಕರಕೊಂಡು ಹೋದ್ರು. ಕಾಲೇಜಿನ ಅಂಗಳದಾಗ ಒಂದು ದೊಡ್ಡ ಬೇವಿನ ಗಿಡ ಅದ. ಅದರ ಎತ್ತರ ಹತ್ತದೇ ಕಂಡುಹಿಡೀಬೇಕು. ಕೋನಮಾಪಕಕ್ಕ ದಾರ ಕಟ್ಟಿ, ದಾರಕ್ಕ ಕಲ್ಲು ಕಟ್ಟಿ ಎಲ್ಲಾ ಗುಂಪಿಗೂ ಒಂದೊಂದು ಕೊಟ್ರು. ಗಿಡದ ತುದಿ ನಲವತ್ತೈದು ಡಿಗ್ರಿಗೆ ಕಾಣೋ ಜಾಗಾದಾಗ ನಿಲ್ಲಬೇಕು. ಅಲ್ಲಿಂದ ಗಿಡದ ಬುಡಕ್ಕ ಎಷ್ಟು ದೂರನೋ, ಕಣ್ಣಿನ ಮಟ್ಟದಿಂದ ತುದಿಗೆ ಅಷ್ಟೇ ಎತ್ತರ. ಅದಕ್ಕ ನೋಡಿದವರ ಕಣ್ಣಿನ ಎತ್ತರ ಕೂಡಿಸಿದ್ರ ಮುಗೀತು.

ನಮ್ಮ ಗುಂಪಿನ್ಯಾಗ ನೋಡೋದು ಹುಡಗಿ ಊರಿನ ಹುಡುಗಿ, ಅಳಿಯೋದು ನಾ. ಟೇಪ್ ನನ್ನ ಕೊರಳಾಗೇ ಇತ್ತು. ಐದು ಅಡಿ ಟೇಪು, ಆರು ಸಲ ನೆಲದ ಮ್ಯಾಲ ಹಾಸಿ ಅಳದೆ. ಬಾಕಿ ಎಲ್ಲಾ ಗುಂಪಿಗೂ ಮೂವತ್ತೈದು ಅಡಿ ಬಂತು. ನಮಗ ಮೂವತ್ತಾರು. ನನಗ ಸಿಟ್ಟು ಬಂತು. ಇಷ್ಟು ವರ್ಷದ ಕೈ ನಂದು, ಅಳತಿ ತಪ್ಪಂಗಿಲ್ಲ, ನೀನೇ ಕೈ ಅಳ್ಳಾಡಿಸಿರಬೇಕು ಅಂತ ಆ ಹುಡುಗಿಗೆ ಬೈದೆ. ಆಕಿ ನನ್ನ ಕಡೆ ನೋಡಿ, ಎರಡು ಹೊಲ ಆಚಿ ಮೇಯೋ ಕುರಿ ನಿಂತಲ್ಲೇ ಎಣಸ್ತೀನ್ರಿ ಅಕ್ಕಾ, ನನ್ನ ಕಣ್ಣಿಗೆ ಏನೂ ಆಗಿಲ್ಲ ಅಂದಳು.

ಜಗಳ ಸರ ತನಕ ಹೋತು. ಅವರು ನನ್ನ ಮುಂದ ಇನ್ನೊಮ್ಮೆ ಅಳೀರಿ ಅಂದ್ರು. ನಾ ಅಳದು ಬರಕೋತ ಹೋದೆ. ಅವರು ನನ್ನ ವಹಿ ನೋಡಿದ್ರು. ಪ್ರತಿ ಸಲ ಅರವತ್ತು ಇಂಚು ಅಳದು, ಅರವತ್ತೆರಡು ಅಂತ ಬರದಿದ್ದೆ. ಆರು ಸಲಕ್ಕ ಹನ್ನೆರಡು ಇಂಚು, ಬರೋಬ್ಬರಿ ಒಂದು ಅಡಿ. ಹೊಲಿಗಿಗೆ ಅಂತ ಎರಡು ಇಂಚು ಬಿಟ್ಟು ಬರಿಯೋದು ನನಗ ಉಸಿರಾಡಿದಂಗ, ಬರದದ್ದೇ ಗೊತ್ತಾಗಿರಲಿಲ್ಲ.

ಇದೇನ್ರಿ ಅಕ್ಕಾ, ಗಿಡಕ್ಕ ಜಂಪರ್ ಹೊಲೀತೀರೇನು ಅಂತ ಸರ ಕೇಳಿದ್ರು. ಹುಡುಗೋರೆಲ್ಲಾ ನಗಾಕತ್ತರು. ಸೋತೆ ಅಂತ ಹ್ಯಾಂಗ ಒಪ್ಪಲಿ?

"ಬೆಳಿಯೋ ಗಿಡ ಅದ್ರಿ ಸರ. ಮುಂದ ಬಿಚ್ಚಿ ದೊಡ್ಡದು ಮಾಡಾಕ ಬರಬೇಕಲ್ಲ."

೫. ತೊಂಬತ್ತಕ್ಕ ಏನಾತು

ಅತ್ತಿಗೆ ಸೈನ್ ಬಂತು, ಕೊಸೈನ್ ಬಂತು. ಟ್ಯಾನ್ ಅಂತೂ ಬಾಳ ಸೇರಿತು, ಯಾಕಂದ್ರ ಅದ್ರಾಗ ನಿಚ್ಚಣಿಕಿ ಉದ್ದ ಬೇಕಾಗಂಗಿಲ್ಲ. ನಲವತ್ತೈದಕ್ಕ ಟ್ಯಾನ್ ಒಂದು. ಆಮ್ಯಾಲ ಕ್ಯಾಲ್ಕುಲೇಟರಿನ ಗುಂಡಿ ಒತ್ತಿ ಒತ್ತಿ ತೋರಿಸಿದೆ: ಎಂಬತ್ತಕ್ಕ ಐದೂ ಚಿಲ್ಲರೆ. ಎಂಬತ್ತೊಂಬತ್ತಕ್ಕ ಐವತ್ತೇಳು. ಅತ್ತಿ ಕಣ್ಣು ಅಗಲ ಮಾಡಿ ಕೇಳಾಕತ್ತಿದ್ರು. ತೊಂಬತ್ತಕ್ಕ ಅಂದ್ರು.

ತೊಂಬತ್ತಕ್ಕ ಇಲ್ರಿ ಅಂದೆ.

ಇಲ್ಲ ಅಂದ್ರ ಸೊನ್ನಿ ಏನು ಅಂತ ಕೇಳಿದ್ರು. ಸೊನ್ನಿ ಅಲ್ಲ, ಇಲ್ಲೇ ಇಲ್ಲ, ವ್ಯಾಖ್ಯಾನಿಸಿಲ್ಲ ಅಂತ ಪುಸ್ತಕದಾಗ ಅದ ಅಂದೆ. ಐವತ್ತೇಳಕ್ಕ ಬಂದದ್ದು ಒಂದೇ ಡಿಗ್ರಿಯೊಳಗ ಎಲ್ಲಿ ಹೋತು, ಯಾರು ಒಯ್ದರು ಅನ್ನೋ ಚಿಂತ್ಯಾಗ ಅವತ್ತ ಅವರು ಊಟನೂ ಸರಿಯಾಗಿ ಮಾಡಲಿಲ್ಲ. ರೊಟ್ಟಿ ಮುರಕೋತ, ಎಂಬತ್ತೊಂಬತ್ತಕ್ಕ ಐವತ್ತೇಳು ಅಂತ ತಮ್ಮಷ್ಟಕ್ಕ ತಾವೇ ಅಂತಿದ್ರು. ನಮ್ಮ ಮನಿಯವರು, ಅವ್ವಗ ಯಾರರೆ ಏನರೆ ಅಂದಾರೇನು ಅಂತ ನನ್ನ ಕೇಳಿದ್ರು.

ಐತವಾರ ಸರ ತಮ್ಮ ಅವ್ವನ ಜಂಪರ್ ಒಯ್ಯಾಕ ನಮ್ಮ ಅಂಗಡಿಗೆ ಬಂದ್ರು. ಅತ್ತಿ ಅವರನ್ನ ಕೈ ಹಿಡದು ಕಟ್ಟಿ ಮ್ಯಾಲ ಕೂಡಿಸಿಕೊಂಡ್ರು. ಚಾ ಕೊಡಿಸಿದ್ರು. ಆಮ್ಯಾಲ, ತಮ್ಮಾ, ತೊಂಬತ್ತಕ್ಕ ಏನಾತು ಅಂತ ಕೇಳಿದ್ರು.

ಸರ ಬಾಳ ಚಲೋ ತಿಳಿಸಿ ಹೇಳಿದ್ರು. ತಲಿ ಎತ್ತಿ ನೋಡೋ ಕೋನ ಹೆಚ್ಚಾದಂಗ ಎದುರಿನ ಗೋಡಿ ಎತ್ತರ ಆಗತಾ ಹೋಗಬೇಕು. ತೊಂಬತ್ತು ಅಂದ್ರ ನೆತ್ತಿ ಮ್ಯಾಲ ನೆಟ್ಟಗ ನೋಡೋದು. ಹಂಗ ನೋಡಿದ್ರ ಆ ಗೋಡಿ ಎಷ್ಟೇ ಎತ್ತರ ಕಟ್ಟಿದ್ರೂ ಅದರ ತುದಿ ಕಾಣಂಗಿಲ್ಲ. ಅದಕ್ಕ ತೊಂಬತ್ತಕ್ಕ ಉತ್ತರ ಇಲ್ಲ. ಅತ್ತಿ ತಲಿ ಎತ್ತಿ ನೆತ್ತಿ ಮ್ಯಾಲ ನೋಡಿದ್ರು. ನಾನೂ ನೋಡಿದೆ. ರಸ್ತಾದಾಗ ಹೋಗೋ ಇಬ್ಬರು ನಿಂತು ಅವರೂ ಮ್ಯಾಲ ನೋಡಾಕತ್ತರು.

ಅತ್ತಿ ತಲಿ ಇಳಿಸಿ, ಅಂದ್ರ ನಿನಗೂ ಗೊತ್ತಿಲ್ಲ ಅಂದ್ರು. ಗೊತ್ತಿಲ್ಲ ಅಂತಲ್ಲ ಅಮ್ಮಾ, ಇಲ್ಲ ಅಂತ ಗೊತ್ತದ ಅಂತ ಸರ ಅಂದ್ರು. ಅತ್ತಿ ಅವರ ಬೆನ್ನ ಮ್ಯಾಲ ಕೈಯಾಡಿಸಿ ಸಮಾಧಾನ ಮಾಡಿದ್ರು:

"ಇರಲಿ ಬಿಡಪ್ಪಾ. ಇನ್ನೂ ಸಣ್ಣವ ಇದ್ದಿ, ಮುಂದ ಗೊತ್ತಾಗತದ."

೬. ಬಾವ್ಯಾಗಿನ ಗಾಳಿಪಟ

ಮರುದಿನ ಸೋಮವಾರ ಮೊದಲನೇ ಪರೀಕ್ಷಾ. ಶರತ್ತಿನ ದಿನ. ನಾ ಮುಂಜಾನಿ ಎದ್ದು ಎಲ್ಲಾ ಸೂತ್ರ ಬಾಯಿಪಾಠ ಮಾಡಿ, ಜಳಕ ಮಾಡಿ ಬಂದು, ಕಪಾಟಿನ ಮ್ಯಾಲ ಇಟ್ಟಿದ್ದ ಕ್ಯಾಲ್ಕುಲೇಟರ್ ಚೀಲಕ್ಕ ಹಾಕಿಕೊಂಡೆ. ಅತ್ತಿ ಹಣಿಗೆ ಇಬತ್ತಿ ಹಚ್ಚಿ ಕಳಿಸಿದ್ರು. ಶರತ್ತು ಹಾಕಿದವರೇ ಪಾಸಾಗಿ ಬಾ ಅಂದ್ರು.

ಹುಮನಾಬಾದ ಬರೋ ತನಕ ಬಸ್ಸಿನ್ಯಾಗ ಒಂದೇ ವಿಚಾರ. ಇವತ್ತ ತಪ್ಪಿದ್ರ ಮುಗೀತು, ಮಾಸ್ತರು ಬಿಟ್ಟ ಆ ಎರಡು ಪಾಠದಾಗ ಏನಿತ್ತು ಅಂತ ಕೇಳಾಕ ಇನ್ನೊಂದು ಜನ್ಮ ಬರಬೇಕು ಅನಸ್ತಿತ್ತು.

ಪೇಪರ್ ಕೊಡೋ ಮುಂದ ಸರ ಒಂದು ಮಾತು ಹೇಳಿದ್ರು. ಕೋನ ಎಲ್ಲಾ ಬ್ಯಾರೆ ಬ್ಯಾರೆ ಕೊಟ್ಟೀನಿ, ಬಾಯಿಪಾಠ ನಡಿಯಂಗಿಲ್ಲ. ಕ್ಯಾಲ್ಕುಲೇಟರ್ ಏನು ಉತ್ತರ ಕೊಡತದ ಅದನ್ನೇ ಬರೀರಿ, ನಿಮ್ಮ ನಿಮ್ಮ ಮನಸ್ಸಿಗೆ ಬಂದಂಗ ತಿದ್ದಬ್ಯಾಡ್ರಿ. ಹಿಂದಿನ ವರ್ಷ ಹುಡುಗೋರು ಉತ್ತರ ಕಣ್ಣಳತಿಯಿಂದ ತಿದ್ದಿ ಬರದು ಅವರ ತಲಿ ಕೆಡಿಸಿದ್ರಂತ.

ಮೊದಲನೇ ಪ್ರಶ್ನೆ. ನೀರಿನ ಟ್ಯಾಂಕಿನಿಂದ ಐವತ್ತು ಮೀಟರ್ ದೂರ ನಿಂತು ನೋಡಿದ್ರ ಅದರ ತುದಿ ಇಪ್ಪತ್ತೆಂಟು ಡಿಗ್ರಿಗೆ ಕಾಣತದ, ಎತ್ತರ ಎಷ್ಟು? ಸೂತ್ರ ಬರದೆ, ಗುಂಡಿ ಒತ್ತಿದೆ. ಮೈನಸ್ ಹದಿನಾಲ್ಕು ಮೀಟರ್ ಬಂತು. ಇನ್ನೊಮ್ಮೆ ಒತ್ತಿದೆ. ಮತ್ತ ಮೈನಸ್ ಹದಿನಾಲ್ಕು. ಎತ್ತರ ಮೈನಸ್ ಹ್ಯಾಂಗ ಆಗತದ ಅಂತ ವಿಚಾರ ಮಾಡಿದೆ. ಆಮ್ಯಾಲ ಹೊಳೀತು. ನಮ್ಮ ಮನ್ಯಾಗೂ ನೆಲದ ಕೆಳಗ ನೀರಿನ ಟಾಕಿ ಅದಲ್ಲ. ತಿದ್ದಬ್ಯಾಡ್ರಿ ಅಂತ ಸರ ಹೇಳ್ಯಾರ. ಉತ್ತರ ಬರದು, ಅದರ ಕೆಳಗ, ಆದ್ದರಿಂದ ಟ್ಯಾಂಕು ನೆಲದ ಒಳಗೆ ಇದೆ ಎಂದು ತಿಳಿಯುತ್ತದೆ ಅಂತ ಚಂದ ಅಕ್ಷರದಾಗ ಬರದೆ.

ಎರಡನೇ ಪ್ರಶ್ನೆ ಗಾಳಿಪಟದ್ದು. ದಾರ ಎಂಬತ್ತು ಮೀಟರ್, ನೆಲದ ಜೋಡಿ ಐವತ್ತು ಡಿಗ್ರಿ, ಎಷ್ಟು ಎತ್ತರದಾಗ ಹಾರಾಕತ್ತದ? ಮೈನಸ್ ಇಪ್ಪತ್ತೊಂದು ಮೀಟರ್. ಈ ಸಲ ಬಾಳ ಹೊತ್ತು ಕುಂತು ವಿಚಾರ ಮಾಡಿದೆ. ಟ್ಯಾಂಕ್ ನೆಲದಾಗ ಇರಬಹುದು, ಗಾಳಿಪಟ ನೆಲದಾಗ ಹ್ಯಾಂಗ ಹಾರತದ? ಕಡೀಕ ಅದಕ್ಕೂ ದಾರಿ ಸಿಕ್ತು. ಗಾಳಿಪಟವು ಬಾವಿಯಲ್ಲಿ ಬಿದ್ದಿದೆ ಅಂತ ಬರದೆ.

ಹೊರಗ ಬಂದ ಮ್ಯಾಲ ಹುಡಗಿ ಊರಿನ ಹುಡುಗಿ, ಅಕ್ಕಾ, ಟ್ಯಾಂಕಿಗೆ ನನಗ ಇಪ್ಪತ್ತಾರೂವರಿ ಬಂತು, ನಿಮಗ ಅಂತ ಕೇಳಿದಳು. ನನಗ ಆಕಿ ಮ್ಯಾಲ ಭಾರೀ ಮರುಕ ಬಂತು. ಪಾಪ, ಎಳೀ ಹುಡುಗಿ, ಟ್ಯಾಂಕ್ ಮ್ಯಾಲದ ಅಂತ ತಿಳಕೊಂಡುಬಿಟ್ಟಾಳ. ಮನಸ್ಸಿಗೆ ಹಚ್ಚಿಕೋಬ್ಯಾಡವ್ವಾ, ಮುಂದಿನ ಸಲ ಪಾಸಾಗ್ತಿ ಅಂತ ಧೈರ್ಯ ಹೇಳಿ ಬಂದೆ.

೭. ಶರತ್ತು ಅಂದ್ರ ಶರತ್ತು

ಶುಕ್ರವಾರ ಸರ ನನ್ನನ್ನ ಒಬ್ಬಾಕಿಯನ್ನೇ ಕರಸಿದ್ರು. ಮೇಜಿನ ಮ್ಯಾಲ ನನ್ನ ಪೇಪರ್ ಇತ್ತು. ಇಪ್ಪತ್ತಕ್ಕ ಏಳು. ಪಾಸಿಗೆ ಎಂಟು ಬೇಕು. ಸೂತ್ರ, ಚಿತ್ರ, ರೀತಿ ಎಲ್ಲಾ ಸರಿ ಇದ್ದದ್ದಕ್ಕ ಏಳು ಬಂದಾವ, ಉತ್ತರ ಒಂದೂ ಸರಿ ಇಲ್ಲ ಅಂದ್ರು. ಗಾಳಿಪಟ ಬಾವಿಗೆ ಬಿದ್ದದ್ದು ಓದಿ ಒಂದು ಮಾರ್ಕ್ ಕೊಡಬೇಕಂತ ಬಾಳ ಅನಿಸಿತಂತ, ಆದ್ರ ಯಾವ ಲೆಕ್ಕದಾಗ ಕೊಡೋದು ತಿಳೀಲಿಲ್ಲಂತ. ನನ್ನ ಕ್ಯಾಲ್ಕುಲೇಟರ್ ಇಸಕೊಂಡು ನೋಡಿದ್ರು. ಮ್ಯಾಲ ಸಣ್ಣಗ ಡಿ ಅಂತ ಇರಬೇಕಾದಲ್ಲಿ ಆರ್ ಅಂತ ಇತ್ತು. ಇದು ರೇಡಿಯನ್‌ದಾಗ ಅದ ಅಕ್ಕಾ, ನೀವು ಡಿಗ್ರಿ ಹಾಕೀರಿ, ಅದು ರೇಡಿಯನ್ ಅಂತ ತಿಳಕೊಂಡದ. ಯಾರು ಬದಲ ಮಾಡಿದ್ರು ಅಂತ ಕೇಳಿದ್ರು.

ನಾ ಮುಟ್ಟಿರಲಿಲ್ಲ. ಖರೇನ ಮುಟ್ಟಿರಲಿಲ್ಲ. ಬಸ್ಸಿನ್ಯಾಗ ಕಿಟಕಿ ಕಡೆ ಮಾರಿ ಮಾಡಿ ಅತ್ತೆ. ಮುಂದ ಕಬ್ಬಿನ ಟ್ರ್ಯಾಕ್ಟರ್ ಸಾಲು, ಬಸ್ ಆಮೆ ಹಂಗ ಹೊಂಟಿತ್ತು. ಬೇಗ ಮುಟ್ಟೋದೂ ಬೇಕಾಗಿರಲಿಲ್ಲ ನನಗ. ಒಂದೇ ಒಂದು ಮಾರ್ಕಿಗೆ ನನ್ನ ಕಾಲೇಜು ಹೋತು.

ಮನಿ ಹೊಸ್ತಿಲಾ ದಾಟೋದ್ರಾಗ ಅತ್ತಿ ಎದುರ ಬಂದ್ರು. ಮಾರಿ ಬೆಳಗಾಕತ್ತಿತ್ತು. ನಾ ಬಾಯಿ ತೆರಿಯೋ ಮೊದಲ ನನ್ನ ಕೈ ಹಿಡದು ಕಪಾಟಿನ ಕಡೆ ಎಳಕೊಂಡು ಹೋದ್ರು. ಕಪಾಟಿನ ಬಾಗಿಲಾ ಹಿಂದ ನನ್ನ ಹೊಲಿಗಿ ಸುಣ್ಣದಿಂದ ಬರದಿದ್ರು. ತೊಂಬತ್ತಕ್ಕ, ಮೈನಸ್ ಒಂದು ಪಾಯಿಂಟ್ ಒಂಬತ್ತು ಒಂಬತ್ತು ಐದು. ಕೆಳಗ, ಸೋಮವಾರ ಮುಂಜಾನಿ.

ಆ ಮಾಸ್ತರ ಬಂದಾಗ ತೋರಿಸಬೇಕಂತ ಇಟ್ಟಿದ್ದೆ, ತಡೀಲಿಕ್ಕ ಆಗಲಿಲ್ಲ ಅಂತ ಹೇಳಾಕತ್ತರು. ನೀ ಜಳಕಕ್ಕ ಹೋದಾಗ ನಿನ್ನ ಲೆಕ್ಕದ ಮಷೀನಕ್ಕ ತೊಂಬತ್ತು ಹಾಕಿ ಕೇಳಿದೆ. ಅದು ಏನೇನೋ ಇಂಗ್ಲಿಷಿನ್ಯಾಗ ಬೈತು. ನಾ ಬಿಡತೀನೇನು? ಇದ್ದಬದ್ದ ಗುಂಡಿ ಎಲ್ಲಾ ಒತ್ತಿ ಒತ್ತಿ ಮತ್ತ ಕೇಳಿದೆ. ಕಡೀಕ ಬಾಯಿಬಿಡ್ತು ನೋಡು. ಇಲ್ಲ ಇಲ್ಲ ಅಂತಿದ್ರಲ್ಲ, ಇಲ್ಲೇ ಅದ.

ನನಗ ಸಿಟ್ಟೂ ಬಂತು, ನಗೂನೂ ಬಂತು, ಎರಡೂ ಕೂಡಿ ಅಳು ಬಂತು. ಅಲ್ಲೇ ನೆಲಕ್ಕ ಕುಂತೆ. ಅತ್ತೀ, ನೀವು ಅದನ್ನ ರೇಡಿಯನ್‌ಕ್ಕ ತಿರುಗಿಸಿಬಿಟ್ರಿ, ನನ್ನ ಟ್ಯಾಂಕು ನೆಲದಾಗ ಹೋತು, ನನ್ನ ಗಾಳಿಪಟ ಬಾವಿಗೆ ಬಿತ್ತು, ನಾ ನಪಾಸಾದೆ ಅಂತ ಒಂದೇ ಉಸಿರಿನ್ಯಾಗ ಹೇಳಿದೆ. ಪೇಪರ್ ತಗದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕಡೀ ತನಕ ಓದಿದ್ರು. ಬಾವಿ ಹತ್ತಿರ ಬಂದಾಗ ಅವರ ತುಟಿ ಅದುರಿತು, ನಗೂನೋ ಅಳೂನೋ ತಿಳೀಲಿಲ್ಲ.

ಶರತ್ತು ಒಪ್ಪಿಕೊಂಡಾಕಿ ನಾನು. ಹಳೀ ಸೀರಿ ತುಂಡು ತಂದು ಪುಸ್ತಕ ಎಲ್ಲಾ ಇಟ್ಟು ಗಂಟು ಕಟ್ಟಿದೆ. ಅಟ್ಟಕ್ಕ ಇಡಾಕ ನಿಚ್ಚಣಿಕಿ ತಂದು ಹಚ್ಚಿದೆ. ನಮ್ಮ ಮನಿಯವರು ಅಷ್ಟೊತ್ತಿಗೆ ಬಂದು ಬಾಗಿಲಾಗ ನಿಂತಿದ್ರು. ಅವರಿಗೂ ಕೆಟ್ಟ ಅನಿಸಿತ್ತು, ಆದ್ರ ಅವ್ವನ ಶರತ್ತಿಗೆ ಯಾರು ಅಡ್ಡ ಬರತಾರ?

ಅತ್ತಿ ಎದ್ದು ಬಂದು ಗಂಟಿನ ಮ್ಯಾಲ ಕೈ ಇಟ್ರು. ಆ ಗುಂಡಿ ಒತ್ತಿದವರು ಯಾರು ಅಂತ ಕೇಳಿದ್ರು. ನೀವ್ರಿ ಅಂದೆ. ಹಂಗಾದ್ರ ಆ ತಪ್ಪು ಉತ್ತರ ಎಲ್ಲಾ ಯಾರವು ಅಂತ ಕೇಳಿದ್ರು. ಉತ್ತರನೂ ತಾವೇ ಹೇಳಿದ್ರು:

"ನನ್ನವು. ಅಂದ್ರ ನಪಾಸಾದಾಕಿ ನಾ."

ಗಂಟು ಬಿಚ್ಚಿದ್ರು. ಪುಸ್ತಕ ಒಂದೊಂದೇ ತಗದು ನನ್ನ ಕೈಯಾಗ ಇಟ್ರು. ಆಮ್ಯಾಲ ಮಗನೂ ಕೇಳಲಿ ಅಂತ ಗಟ್ಟಿಯಾಗಿ ನನಗ ಹೇಳಿದ್ರು:

"ಶರತ್ತು ಅಂದ್ರ ಶರತ್ತು. ನಾಳಿಯಿಂದ ನಾ ಕಾಲೇಜಿಗೆ ಹೋಗಂಗಿಲ್ಲ. ನೀ ಹೋಗು."